ಮೇನ್ ಬಂದ್ ಮಾಡಿ ಒಂದು ತಾಸು

ತೆಲಂಗಾಣದ ಗಡಿಯ ಮಕ್ತಲದಲ್ಲಿ ರಿಜಿಸ್ಟ್ರಿ ಕಚೇರಿಯ ಎದುರು ದಸ್ತಾವೇಜು ಬರೆಯುತ್ತ ನಾನು ಕೂರುವ ಕಟ್ಟೆಗೆ ಒತ್ತಿಕೊಂಡೇ ನನ್ನ ಗೆಳೆಯರೊಬ್ಬರ ಬ್ಯಾಟರಿ ಅಂಗಡಿ. ಇಪ್ಪತ್ತು ವರ್ಷ ಆ ಅಂಗಡಿಯ ಮಾತೆಲ್ಲ ನನ್ನ ಎಡಗಿವಿಗೆ ಬಿದ್ದಿದೆ. ಬಲಗಿವಿ ನನ್ನ ಕಕ್ಷಿದಾರರಿಗೆ ಮೀಸಲು. ಇನ್ವರ್ಟರ್, ಜನರೇಟರ್, ಗೀಸರ್, ಸೋಲಾರ್ ಎಲ್ಲವೂ ಇಲ್ಲಿ ದೊರೆಯುತ್ತದೆ ಎಂದು ಬೋರ್ಡು ಹೇಳುತ್ತಿತ್ತು. ನಾನು ಕಂಡಂತೆ ಅವರು ಮಾರಿದ್ದಕ್ಕಿಂತ ಬೇಡವೆಂದು ಹೇಳಿ ಕಳಿಸಿದ್ದೇ ಹೆಚ್ಚು. ಕೋಸಗಿಯಿಂದ ಒಬ್ಬರು ಬಚ್ಚಲಿಗೆ ಗ್ಯಾಸ್ ಗೀಸರ್ ಕೊಳ್ಳಲು ಬಂದಿದ್ದರು. ಇವರು ಕೇಳಿದ್ದು ಒಂದೇ ಮಾತು.

"ಬಚ್ಚಲಕ್ಕ ಕಿಡಕಿ ಐತೇನ್ರಿ?"

"ಇಲ್ರಿ. ಥಂಡಿ ಬರತೈತಂತ ಹೋದ ವರ್ಷ ಮುಚ್ಚಿಸೀವಿ."

"ಹಂಗಾರ ಗೀಸರ್ ಇಲ್ರಿ. ಮೊದ್ಲು ಗೌಂಡಿನ ಕರಸ್ರಿ, ಗ್ವಾಡಿ ಒಡಸಿ ಕಿಡಕಿ ಇಡಸ್ರಿ. ಆಮ್ಯಾಲ ಬರ್ರಿ."

ಬಂದವರು ಆಮೇಲೆ ಬರಲಿಲ್ಲ. ಯಾರು ಬರುತ್ತಾರೆ? ಅದೇ ಬೀದಿಯ ಕೊನೆಯಲ್ಲಿ ಇನ್ನೆರಡು ಅಂಗಡಿಗಳಿವೆ, ಅಲ್ಲಿ ಕಿಟಕಿಯ ವಿಚಾರಣೆ ಇಲ್ಲ. "ನಿಮ್ಮದು ಅಂಗಡಿನೋ ಪೊಲೀಸ್ ಠಾಣೇನೋ?" ಎಂದು ನಾನು ಛೇಡಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ. ಒಂದು ಕಾಲಕ್ಕೆ ಬಹಳ ನಗುತ್ತಿದ್ದವರು.

ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ಬಿಳಿ ಅಂಗಿಯ ತುಂಬ ಬ್ಯಾಟರಿ ಆಸಿಡ್ಡು ತಿಂದ ಸಣ್ಣ ಸಣ್ಣ ತೂತು. ಹೊಸ ಅಂಗಿ ಹಾಕಿದ ಎರಡನೇ ದಿನಕ್ಕೇ ತೂತು ಬೀಳುತ್ತಿತ್ತು, ಅದಕ್ಕೆ ಹಬ್ಬಕ್ಕೂ ಹೊಸದು ಹೊಲಿಸುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುತ್ತಿದ್ದುದು ಗೋಡೆಯ ಮೇಲ್ಭಾಗಕ್ಕೆ, ಬೆಳಕಿಂಡಿ ಇದೆಯೋ ಇಲ್ಲವೋ ಎಂದು. ಮನೆಯವರು ಅದನ್ನು ಜಂಬ ಎಂದುಕೊಳ್ಳುತ್ತಿದ್ದರು. ತಮ್ಮನ ಮಗನಿಗೆ ಸಂಬಂಧ ನೋಡಲು ಹೋದಲ್ಲಿಯೂ ಹೀಗೇ ಮಾಡಿ, ಹುಡುಗಿಯ ಮುಖ ನೋಡದೆ ಮನೆಯ ಜಂತಿ ನೋಡಿ ಬಂದರೆಂದು ಅವರ ತಮ್ಮನೇ ಹೇಳಿ ನಗುತ್ತಿದ್ದ.

ಅವರ ವ್ಯಾಪಾರದ ರೀತಿ ಈ ಸೀಮೆಯಲ್ಲಿ ಮತ್ತೊಬ್ಬರಿಗೆ ಇರಲಿಲ್ಲ. ಇನ್ವರ್ಟರ್ ಬೇಕೆಂದವರ ಮನೆಗೆ ಮೊದಲು ಬರಿಗೈಯಲ್ಲಿ ಹೋಗುವುದು. ಮೇನ್ ಸ್ವಿಚ್ ಎಲ್ಲಿದೆ ಎಂದು ಕೇಳಿ, ಕೈಯಾರೆ ಬಂದ್ ಮಾಡುವುದು. ಆಮೇಲೆ ಪಡಸಾಲೆಯಲ್ಲಿ ಒಂದು ತಾಸು ಸುಮ್ಮನೆ ಕೂರುವುದು. ಕರೆಂಟಿಲ್ಲದಾಗ ಆ ಮನೆಯವರು ಏನೇನು ಮಾಡುತ್ತಾರೆ, ಯಾರು ಎಲ್ಲಿಗೆ ಏಳುತ್ತಾರೆ, ಯಾವುದಕ್ಕೆ ಗೊಣಗುತ್ತಾರೆ ಎಂದು ನೋಡುವುದು. ಅದಾದ ಮೇಲೆ ಅಡಿಗೆಮನೆ, ಬಚ್ಚಲು, ದೇವರಮನೆ ಒಂದೂ ಬಿಡದೆ ಒಳಹೊಕ್ಕು ಬರುವುದು. ಮಡಿಯವರ ಮನೆಗಳಲ್ಲಿ ಇದರಿಂದ ರಾದ್ಧಾಂತವಾಗಿದ್ದುಂಟು. "ಒಳಗ ಬಿಡಂಗಿಲ್ಲಂದ್ರ ನಾ ಮಾರಂಗಿಲ್ರಿ" ಎಂದು ಎದ್ದು ಬಂದುಬಿಡುತ್ತಿದ್ದರು.

ನಮ್ಮ ಮನೆಗೂ ಬಂದರು. ನಾನು ಎರಡು ಫ್ಯಾನು, ಒಂದು ಟಿವಿ ನಡೆಯುವಂಥದ್ದು ಬೇಕೆಂದು ಮೊದಲೇ ನಿಶ್ಚಯ ಮಾಡಿಟ್ಟಿದ್ದೆ. ಮೇನ್ ಬಂದಾಯಿತು. ನನ್ನ ಹೆಂಡತಿ ಮಿಕ್ಸರ್ ನಿಂತಿತೆಂದು ಒಳಗಿನಿಂದ ರೇಗಿದಳು. ನಾನು ಬೀಸಣಿಗೆ ಹಿಡಿದು ಅವರಿಗೆ ರಾಜಕೀಯ ಹೇಳುತ್ತ ಕೂತೆ. ಅವರ ಲಕ್ಷ್ಯ ನನ್ನ ಕಡೆ ಇರಲೇ ಇಲ್ಲ. ಅರ್ಧ ತಾಸಿಗೆ ನಮ್ಮ ಅವ್ವ ನಡುಮನೆಯ ಕತ್ತಲೆಯಲ್ಲಿ ಗೋಡೆ ಸವರುತ್ತ ಬಚ್ಚಲಿಗೆ ಹೊರಟಳು. ಹಾಡುಹಗಲಿನಲ್ಲೂ ನಮ್ಮ ನಡುಮನೆ ಕತ್ತಲೆಯೇ. ಅವರು ಎದ್ದು ಹೋಗಿ ಅವ್ವನ ಕೈ ಹಿಡಿದು ಬಚ್ಚಲ ಬಾಗಿಲತನಕ ಬಿಟ್ಟು ಬಂದರು.

"ನಿಮಗ ಫ್ಯಾನ್ ಬ್ಯಾಡ್ರಿ" ಎಂದರು. "ಅವ್ವನ ಹಾಸಿಗಿಯಿಂದ ಬಚ್ಚಲತನಕ ಎರಡು ದೀಪ ಬೇಕು. ಸಣ್ಣ ಬ್ಯಾಟರಿ ಸಾಕು."

ನನಗೆ ನಾಚಿಕೆಯಾಯಿತು. ದಿನಾ ಅವ್ವ ಗೋಡೆ ಸವರುವುದನ್ನು ನಾನು ನೋಡಿದ್ದೆ, ಆದರೆ ಕಂಡಿರಲಿಲ್ಲ.

ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರ ಮನೆಗೂ ಅವರ ಜೊತೆ ಹೋಗಿದ್ದೆ, ನನಗೂ ಅಲ್ಲೊಂದು ಕೆಲಸವಿತ್ತು. ದೊಡ್ಡ ಮನೆ, ಕೆಳಗೆ ಮುಚ್ಚಿದ ಅಂಗಳ, ಮೇಲೆ ಮಲಗುವ ಖೋಲಿಗಳು. ಆ ಅಂಗಳದಲ್ಲೇ ಡೀಸೆಲ್ ಜನರೇಟರ್ ಕೂರಿಸಬೇಕೆಂದು ವ್ಯಾಪಾರಿಯ ಹಟ. ಹೊರಗಿಟ್ಟರೆ ಯಾರಾದರೂ ಕದ್ದೊಯ್ಯುತ್ತಾರಂತೆ. ಇವರು ಒಪ್ಪಲಿಲ್ಲ. ಮಾರಲು ಬಂದೆಯೋ ತಡೆಯಲು ಬಂದೆಯೋ ಎಂದು ಆ ಮನುಷ್ಯ ತೆಲುಗಿನಲ್ಲಿ ರೇಗಿದ. "ಅಮ್ಮಡಾನಿಕೇ ವಚ್ಚಾನಯ್ಯಾ" ಎಂದು ಇವರೂ ತೆಲುಗಿನಲ್ಲೇ ಹೇಳಿದರು, ಮಾರಲಿಕ್ಕೇ ಬಂದೆ ಎಂದು. ಆಮೇಲೆ ಕನ್ನಡಕ್ಕೆ ಹೊರಳಿ, "ಆದ್ರ ಮ್ಯಾಲ ಮಲಗವ್ರು ಮುಂಜಾನಿ ಏಳಬೇಕಲ್ರಿ" ಎಂದರು. ಚಹಾ ಬರುವ ಮೊದಲೇ ನಾವು ಬೀದಿಯಲ್ಲಿದ್ದೆವು.

ಅವರಿಗೆ ಪ್ರತಿಯೊಂದು ಉರಿಯ ಗುಣ ಗೊತ್ತಿತ್ತು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸೀಮೆಎಣ್ಣೆ, ಗ್ಯಾಸು, ಇದ್ದಲಿ ಎಲ್ಲವನ್ನೂ ಊರ ಮಂದಿಯ ಸ್ವಭಾವ ಹೇಳಿದ ಹಾಗೆ ಹೇಳುತ್ತಿದ್ದರು. "ಹತ್ತಿಕಟಿಗಿ ಬಾಯಿಬಡಕ. ಹೊಗಿ ಬಿಟ್ಟು, ಕೆಮ್ಮಿಸಿ, ನಿಮ್ಮನ್ನ ಹೊರಗ ಓಡಸ್ತೈತಿ. ಅದು ಒಳ್ಳೇದು ನೋಡ್ರಿ. ಜಾಲಿ ಇದ್ದಲಿ ಹಂಗಲ್ಲ. ಹೊಗಿಲ್ಲ, ಸಪ್ಪಳಿಲ್ಲ, ಕೆಂಪಗ ಚಂದ ಕಾಣತೈತಿ. ಅದರಂಥ ಮೋಸಗಾರ ಇಲ್ಲ." ಇನ್ನೊಂದು ಮಾತು ಸದಾ ಅವರ ಬಾಯಲ್ಲಿತ್ತು: "ಎಲ್ಲಾ ಉರಿನೂ ಉಸುರು ಕುಡೀತಾವರಿ. ಅವುಕ್ಕೊಂದು ಪಾಲು ಗಾಳಿ ಬಿಡಬೇಕು. ಇಲ್ಲಾಂದ್ರ ನಿಮ್ಮ ಪಾಲಿಗೆ ಕೈ ಹಾಕತಾವ."

ಹನ್ನೊಂದು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಗದ್ವಾಲದ ಗಂಡನ ಮನೆಯಲ್ಲಿ ಬಾಣಂತಿಯಾಗಿದ್ದಾಗ ಸತ್ತಳು. ಇದು ಊರಿಗೆಲ್ಲ ಗೊತ್ತಿದ್ದ ಸುದ್ದಿ. ಇವರೇ ಕಳಿಸಿದ ಬ್ಯಾಟರಿ ಕೆಟ್ಟು ವಿಷದ ಗಾಳಿ ಬಿಟ್ಟಿತ್ತು, ಅದರಿಂದ ಸತ್ತಳು ಎಂಬುದೂ ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ಅವರೇ ಹಾಗೆ ಹೇಳಿದ್ದರು. ಗದ್ವಾಲದಲ್ಲಿ ಆಮೇಲೆ ಅವರಿಂದ ಯಾರೂ ಒಂದು ವೈರು ಸಹ ಕೊಳ್ಳಲಿಲ್ಲ. ಹಸುಗೂಸು ಉಳಿದಿತ್ತು, ಹೆಣ್ಣು. ಅದನ್ನು ನೋಡಲು ಎರಡು ಸಲ ಹೋದರು. ಎರಡು ಸಲವೂ ಬೀಗಿತಿ ಬಾಗಿಲು ತೆಗೆಯಲಿಲ್ಲ, ಅಳಿಯನೇ ಹೊರಗೆ ಬಂದು ಕೈ ಮುಗಿದು ಹಿಂದಕ್ಕೆ ಕಳಿಸಿದ. ಮೂರನೆಯ ಸಲ ಹೋಗಲಿಲ್ಲ. ಪ್ರತಿ ಯುಗಾದಿಗೆ ನನ್ನ ಮೊಮ್ಮಗಳನ್ನು ಅಂಗಡಿಯ ಮುಂದೆ ನಿಲ್ಲಿಸಿ ದರ್ಜಿಯಿಂದ ಅಳತೆ ತೆಗೆಸುತ್ತಿದ್ದರು. ಇವಳಿಗೂ ಅಷ್ಟೇ ವಯಸ್ಸು. ಲಂಗ ಹೊಲಿಸಿ ಯಾರ ಕೈಯಲ್ಲೋ ಗದ್ವಾಲಕ್ಕೆ ಕಳಿಸುತ್ತಿದ್ದರು. ಮುಟ್ಟಿತೆಂಬ ಮಾತು ಒಮ್ಮೆಯೂ ಬಂದದ್ದಿಲ್ಲ.

ಊರು ನಂಬಿದ್ದನ್ನು ನಾನೂ ನಂಬಿದ್ದೆ. ನಿಜ ತಿಳಿದದ್ದು ನಾಲ್ಕು ವರ್ಷದ ಹಿಂದೆ, ನಮ್ಮಿಬ್ಬರ ಜಗಳದಲ್ಲಿ.

ಪುಷ್ಯ ಮಾಸ. ಆ ವರ್ಷ ಥಂಡಿ ವಿಪರೀತ. ನಮ್ಮ ಅವ್ವನ ಮೊಣಕಾಲು ಹಿಡಿದುಕೊಂಡಿದ್ದವು. ನಾನು ಒಂದು ಕಬ್ಬಿಣದ ಬುಟ್ಟಿಯಲ್ಲಿ ಜಾಲಿ ಇದ್ದಲಿ ಹೊತ್ತಿಸಿ, ಕೆಂಡ ಮಾಡಿ, ಅವ್ವನ ಮಂಚದ ಕೆಳಗಿಟ್ಟು, ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲೆಳೆದು ಬಂದೆ. ನಮ್ಮಲ್ಲಿ ಮುದುಕರಿಗೆ, ಬಾಣಂತಿಯರಿಗೆ ತಲೆಮಾರಿನಿಂದ ಹೀಗೇ ಕಾವು ಕೊಡುವುದು. ಬ್ಯಾಟರಿಗೆ ನೀರು ಹಾಕಲೆಂದು ಆ ಹೊತ್ತಿಗೆ ಅವರು ಬಂದರು. ಗೋಣಿಚೀಲ ಕಂಡದ್ದೇ ತಡ, ಬಾಗಿಲು ನೂಕಿ ಒಳಗೆ ಹೋಗಿ, ಮಂಚದ ಕೆಳಗಿನ ಬುಟ್ಟಿ ಎಳೆದು, ಪಕ್ಕದಲ್ಲಿದ್ದ ಕೊಡದ ನೀರು ಸುರಿದರು. ಬೂದಿ ಎದ್ದು ಅವ್ವನ ಹಾಸಿಗೆ, ಅವ್ವನ ತಲೆ ಎಲ್ಲ ತುಂಬಿತು. ಅವ್ವ ಹೆದರಿ ಅಳತೊಡಗಿದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮನಿ, ನಮ್ಮವ್ವ, ನಮ್ಮ ಬೆಂಕಿ! ನಿಮಗೇನ್ರಿ ಅಧಿಕಾರ? ಮಗಳನ್ನ ಬ್ಯಾಟರಿ ಇಟ್ಟು ಕೊಂದವ್ರು ನಮಗ ಬುದ್ಧಿ ಹೇಳಾಕ ಬರತೀರಿ?" ಎಂದೆ. ಆ ಮಾತು ಆಡಬಾರದಿತ್ತು. ಆಡಿದ ನಾಲಿಗೆಯನ್ನು ಇವತ್ತಿಗೂ ಶಪಿಸಿಕೊಳ್ಳುತ್ತೇನೆ.

ಅವರು ಮೊದಲು ಅವ್ವನ ತಲೆಯ ಬೂದಿ ಒರೆಸಿದರು. ಕಿಟಕಿಯ ಚೀಲ ಕಿತ್ತರು. ಆಮೇಲೆ ಹೊರಗಿನ ಕಟ್ಟೆಗೆ ಬಂದು ಕೂತು, ನನ್ನನ್ನೂ ಕೂರಿಸಿಕೊಂಡು ಹೇಳಿದರು.

ಹೆಂಡತಿ ತೀರಿಹೋಗಿದ್ದರಿಂದ ಮಗಳ ಬಾಣಂತನ ಮಾಡಲು ತವರಲ್ಲಿ ಹೆಂಗಸರಿರಲಿಲ್ಲ. ಬೀಗಿತಿಯೇ ದೊಡ್ಡ ಮನಸ್ಸು ಮಾಡಿ ತಾನು ಮಾಡುವೆನೆಂದಳು. ಮಗಳಿಗೆ ಹೊಗೆ ತಾಗಬಾರದೆಂದು ಇವರು ಕರೆಂಟಿನ ಹೀಟರ್ ಕೊಂಡುಕೊಟ್ಟರು. ಆಗ ದಿನವೂ ಕರೆಂಟು ತಾಸುಗಟ್ಟಲೆ ಹೋಗುತ್ತಿದ್ದ ಕಾಲ. ದೀಪಕ್ಕಿರಲಿ ಎಂದು ಇನ್ವರ್ಟರ್ ಕೂಡ ಕಳಿಸಿದರು. ತಾವು ಹೋಗಲಿಲ್ಲ, ಫಿಟ್ಟರನ್ನು ಕಳಿಸಿದರು.

"ಬೀಗರ ಮನಿಗೆ ಬೀಗ ಆಗಿ ಹೋಗಬೇಕ್ರಿ, ಸ್ಕ್ರೂಡ್ರೈವರ್ ಹಿಡ್ಕೊಂಡು ಹೋಗಬಾರ್ದು ಅಂತ ಅಂದ್ಕೊಂಡೆ. ತೊಟ್ಲಾಗ ಹಾಕೋ ದಿನ ಹೋದೆ. ಪಡಸಾಲ್ಯಾಗ ಕುರ್ಚಿ ಹಾಕಿದ್ರು, ರುಮಾಲ ಸುತ್ತಿದ್ರು, ಹೋಳಿಗಿ ನೀಡಿದ್ರು. ಬಾಣಂತಿ ಖೋಲ್ಯಾಗ ಗಂಡಸ್ರು ಹೋಗಂಗಿಲ್ಲ. ನನ್ನ ಮಗಳು ಮಲಗೋ ಖೋಲಿಗೆ ಕಿಡಕಿ ಐತೋ ಇಲ್ಲೋ, ಹೀಟರ್ ಯಾವ ಲೈನಿಗೆ ಹಚ್ಯಾರ, ಕೇಳಲಿಲ್ರಿ. ಮರ್ಯಾದಿ ಅಡ್ಡ ಬಂತು. ಕರೆಂಟ್ ಹೋದ್ರ ಚಿಂತಿ ಮಾಡಬ್ಯಾಡ್ರಿ, ಇನ್ವರ್ಟರ್ ಐತಿ ಅಂದೆ. ನಾ ಹೇಳಿದ್ದು ದೀಪಕ್ಕ. ಅವರು ತಿಳ್ಕೊಂಡಿದ್ದು ಹೀಟರಿಗೆ. ಹೀಟರ್ ಅದರ ಮ್ಯಾಲ ನಡ್ಯಂಗಿಲ್ಲ ಅಂತ ಒಂದು ಮಾತು, ಒಂದ ಮಾತು ನನ್ನ ಬಾಯಾಗ ಬರಲಿಲ್ಲ."

ಮತ್ತೆ ಮೂರು ದಿನಕ್ಕೆ, ಬೆಳಗಿನ ಎಣ್ಣೆನೀರಿನ ಎರೆತ ಮುಗಿದು ಬಾಣಂತಿಯನ್ನು ಕಂಬಳಿ ಹೊದಿಸಿ ಮಲಗಿಸಿದಾಗ ಕರೆಂಟು ಹೋಯಿತು. ಹೀಟರಿನ ಭಾರಕ್ಕೆ ಇನ್ವರ್ಟರ್ ಸಿಳ್ಳೆ ಹೊಡೆದು ನಿಂತಿತು. ಎರೆದ ಮೈ ತಣ್ಣಗಾದೀತೆಂದು ಬೀಗಿತಿ ಹಳೆಯ ಪದ್ಧತಿಯಂತೆ ಕೆಂಡದ ಬುಟ್ಟಿ ತಂದು ಮಂಚದ ಕೆಳಗಿಟ್ಟು, ಬಾಗಿಲ ಸಂದಿಗೆ ಸೀರೆ ತುರುಕಿ, ಕೂಸನ್ನು ಎರೆಯಲು ಬಚ್ಚಲಿಗೆ ಎತ್ತಿಕೊಂಡು ಹೋದಳು. ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು. ದವಾಖಾನೆಯ ಡಾಕ್ಟರು ಇವರೊಬ್ಬರನ್ನೇ ಒಳಗೆ ಕರೆದು, ಕೆಂಡದಿಂದ ಹೀಗಾಗಿದೆ ಎಂದರಂತೆ. ಇವರು ಹೊರಗೆ ಬಂದು, ಎಲ್ಲರ ಮುಂದೆ, ನನ್ನ ಬ್ಯಾಟರಿ ಕೆಟ್ಟ ಗಾಳಿ ಬಿಟ್ಟಿದೆ, ತಪ್ಪು ನನ್ನದು ಎಂದುಬಿಟ್ಟರು.

"ಸುಳ್ಳು ಯಾಕ ಹೇಳಿದ್ರಿ?" ಎಂದೆ.

"ಆ ಹೆಣ್ಮಗಳು ನನ್ನ ಮೊಮ್ಮಗಳ್ನ ಎದಿ ಮ್ಯಾಲ ಹಾಕ್ಕೊಂಡು ಸಾಕಬೇಕಿತ್ತಲ್ರಿ. ತಾಯಿನ್ನ ಕೊಂದ ಕೈ ಇವು ಅಂತ ಗೊತ್ತಾದ್ರ ಕೂಸಿನ್ನ ಹ್ಯಾಂಗ ಎತ್ತಿಕೋತಾಳ? ಆಕಿ ಒಳ್ಳೇದ ಮಾಡಾಕ ಹೋಗಿದ್ಲು. ನನ್ನಂಗ."

ನಾನು ದಿನವೂ ಪತ್ರಗಳ ಕೊನೆಗೆ 'ಮೇಲ್ಕಂಡದ್ದೆಲ್ಲ ಸತ್ಯ' ಎಂದು ಬರೆಯುವವನು. ಅವತ್ತು ಆ ಕಟ್ಟೆಯ ಮೇಲೆ ಆ ಸುಳ್ಳು ಕೇಳಿ ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು ಅಂಗಡಿಗೆ ಹೋದರು.

ಈ ವರ್ಷ ಬೇಸಿಗೆಯ ಕೊನೆಗೆ ಅವರ ಹೊಟ್ಟೆಯಲ್ಲಿ ಗಡ್ಡೆ ಇರುವುದು ತಿಳಿಯಿತು. ಕರ್ನೂಲಿಗೆ ಒಯ್ದು ತೋರಿಸಿ, ಅಲ್ಲಿಂದ ತಮ್ಮನ ಮನೆಗೆ ಕರೆತಂದರು. ಶ್ರಾವಣದ ಮೊದಲ ಸೋಮವಾರ ನೋಡಲು ಹೋದೆ. ಬಹಳ ಇಳಿದಿದ್ದರು, ಆದರೆ ಮಾತು ಸ್ಪಷ್ಟವಿತ್ತು. ಉಳಿದವರನ್ನು ಹೊರಗೆ ಕಳಿಸಿ ನನ್ನನ್ನು ಹತ್ತಿರ ಕರೆದರು.

"ಗದ್ವಾಲದಾಗ ಬೀಗಿತಿಯ ಸಣ್ಣ ಸೊಸಿ ಬಸುರಂತ್ರಿ. ದೀಪಾವಳಿ ಸುಮಾರಿಗೆ ಅಂತಾರ. ತವರಿಲ್ಲದ ಹುಡುಗಿ, ಬಾಣಂತನ ಅಲ್ಲೇ. ಅದ ಖೋಲಿ, ಅದ ಬುಟ್ಟಿ. ಬ್ಯಾಟರಿಂದ ಆಗಿದ್ದಂತ ನಾನ ಹೇಳೀನಿ, ಹಂಗಾಗಿ ಕೆಂಡಕ್ಕ ಆಕಿ ಅಂಜಂಗಿಲ್ಲ. ನನ್ನ ಸುಳ್ಳು ಇನ್ನೊಂದು ಜೀವ ತಿಂತೈತ್ರಿ." ಉಸಿರು ಹಿಡಿದು ನಿಂತು ಮತ್ತೆ ಹೇಳಿದರು: "ನೀವು ಹೋಗ್ರಿ. ಏನಾರ ನೆಪ ಮಾಡ್ರಿ, ಆ ಖೋಲಿಗೆ ಒಂದು ಕಿಡಕಿ ಒಡಸ್ರಿ. ಆದ್ರ ಆಕಿಗೆ ಖರೇ ಹೇಳಬ್ಯಾಡ್ರಿ. ಹನ್ನೊಂದು ವರ್ಷ ಕಾಪಾಡೀನಿ."

"ಈ ವಾರ ಹೋಗಿ ಬರತೀನಿ" ಎಂದು ಕೈ ಮೇಲೆ ಕೈ ಇಟ್ಟು ಹೇಳಿದೆ.

ಹೋಗಲಿಲ್ಲ. ಆಷಾಢವೆಲ್ಲ ಖಾಲಿ ಕೂತಿದ್ದ ರಿಜಿಸ್ಟ್ರಿಯ ಮುಂದೆ ಶ್ರಾವಣ ಬಂದೊಡನೆ ಜಾತ್ರೆ ನೆರೆಯುತ್ತದೆ. ಪ್ಲಾಟು ಕೊಂಡವರು, ಮನೆ ಕೊಂಡವರು, ಮುಹೂರ್ತ ಮೀರುತ್ತದೆಂದು ಒದರುವವರು. ದೀಪಾವಳಿ ಎಲ್ಲಿ, ಶ್ರಾವಣ ಎಲ್ಲಿ, ಹೋದರಾಯಿತು ಎಂದುಕೊಂಡೆ. ಎರಡು ಸಲ ಅವರು ತಮ್ಮನ ಕೈಯಲ್ಲಿ ಕೇಳಿಸಿದರು, ಹೋಗಿ ಬಂದಿರಾ ಎಂದು. ಎರಡು ಸಲವೂ, ನಾಳೆ ಹೋಗುತ್ತೇನೆಂದು ಹೇಳಿ ಕಳಿಸಿದೆ. ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನ ಅವರು ತೀರಿಹೋದರು. ಆಮೇಲೆ ಪಿತೃಪಕ್ಷ ಬಂತು. ಪಕ್ಷದಲ್ಲಿ ಯಾರೂ ಆಸ್ತಿ ಬರೆಸುವುದಿಲ್ಲ, ನನಗೆ ಪುರಸೊತ್ತಾಯಿತು.

ಮಕ್ತಲದಿಂದ ಗದ್ವಾಲ ದೂರವೇನಲ್ಲ. ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಬಸ್ಸಿನಲ್ಲಿ ಕೂತು ಸುಳ್ಳು ಹೊಂದಿಸಿಕೊಂಡೆ. ವಾಸ್ತು ಬಲ್ಲವರೊಬ್ಬರು ಹೇಳಿದ್ದಾರೆ, ಬಾಣಂತಿ ಮಲಗುವ ಖೋಲಿಗೆ ಈಶಾನ್ಯದಲ್ಲಿ ತೆರೆದ ಕಿಟಕಿ ಇದ್ದರೆ ಗಂಡುಸಂತಾನ, ಅಂತ. ಸತ್ಯಕ್ಕೆ ಗೋಡೆ ಒಡೆಯದವರೂ ವಾಸ್ತುವಿಗೆ ಒಡೆಯುತ್ತಾರೆ.

ಬೀಗಿತಿ ಬಾಗಿಲು ತೆಗೆದಳು. ನಾನು ನೆನೆದುಕೊಂಡಿದ್ದಂಥ ಬಿರುಸಿನ ಹೆಂಗಸಲ್ಲ. ಸಣಕಲು ಮುದುಕಿ, ಒಂದು ಕಣ್ಣಿಗೆ ಪೊರೆ ಬಂದಿದೆ. ಮೊಮ್ಮಗಳು ಶಾಲೆಗೆ ಹೋಗಿದ್ದಳು, ಸಣ್ಣ ಸೊಸೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಮಕ್ತಲದವನೆಂದು ಹೇಳಿದ ಕೂಡಲೆ, "ಬೀಗರು ಹೋದ್ರಂತ ಕೇಳಿದ್ನಿರಿ" ಎಂದು ಸೆರಗು ಬಾಯಿಗಿಟ್ಟುಕೊಂಡಳು. ನಾನು ವಾಸ್ತು ಶುರು ಮಾಡಿದೆ. ಈಶಾನ್ಯದತನಕ ಬಂದಿದ್ದೆ, ಆಕೆ ಕೈಯೆತ್ತಿ ನಿಲ್ಲಿಸಿದಳು.

"ಒಳಗ ಬರ್ರಿ" ಎಂದಳು.

ಗಂಡಸರು ಕಾಲಿಡದ ಆ ಖೋಲಿಗೆ ನನ್ನನ್ನು ಕರೆದೊಯ್ದಳು. ಗೋಡೆಯ ಮೇಲೊಂದು, ಕೆಳಗೊಂದು ಕಿಂಡಿ ಒಡೆದಿತ್ತು. ಕದವಿಲ್ಲ, ಬರೀ ಸರಳು. ಒಡೆದು ಬಹಳ ವರ್ಷವಾದಂತೆ ಅಂಚಿನ ಗಾರೆ ಕಪ್ಪಾಗಿತ್ತು. ಬಾಗಿಲ ಮೇಲಿನ ಹಲಗೆಯನ್ನೂ ತೆಗೆಸಿದ್ದಳು.

"ಅವತ್ತಿಂದ ಈ ಮನ್ಯಾಗ ಕೆಂಡ ಒಳಗ ಬಂದಿಲ್ಲರಿ. ಬುಟ್ಟಿ ನದ್ಯಾಗ ಒಗದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೇಳಿದೆ.

"ನಿಮಗ ಗೊತ್ತಿತ್ತೇನ್ರಿ?"

"ಅವತ್ತು ಈ ಖೋಲಿ ಬಾಗಲಾ ತಗದ ಕೂಡ್ಲೆ ನನ್ನ ತಲಿ ಗರ್ರಂತ ತಿರುಗಿ ಹೊಸ್ತಿಲ ಮ್ಯಾಲ ಕುಂತಬಿಟ್ಟೆ. ಕೂಸು ಕೈಯಾಗಿತ್ತು. ಅವಾಗ ಗೊತ್ತಾತು. ದವಾಖಾನ್ಯಾಗ ಡಾಕ್ಟರ್ ಹೇಳಿದ್ದೂ ಬಾಗಲ ಮರಿಗೆ ನಿಂತು ಕೇಳೀನಿ. ಬೀಗರು ಹೊರಗ ಬಂದು ತಪ್ಪು ನಂದು ಅಂದ್ರು. ಅಲ್ಲರಿ, ನಂದು ಅಂತ ನಾ ಅನ್ನಬೇಕಿತ್ತು. ಅಂಜಿದೆ. ಮಗ ಏನಂತಾನ, ಊರು ಏನಂತೈತಿ, ಕೂಸಿನ್ನ ಕಸಗೊಂತಾರ ಅಂತ ಅಂಜಿದೆ. ಅವರು ನೋಡಾಕ ಬಂದಾಗ ಬಾಗಲಾ ತಗಿಲಿಲ್ಲ. ಸಿಟ್ಟಿಗಲ್ಲರಿ. ಯಾವ ಮುಖ ಇಟ್ಕೊಂಡು ತಗೀಲಿ?"

ಅವರು ಕಾಪಾಡಿದ್ದು ಏನನ್ನು, ಯಾರಿಂದ? ಇಬ್ಬರೂ ಒಂದೇ ಸತ್ಯವನ್ನು ಎದೆಯಲ್ಲಿಟ್ಟುಕೊಂಡು, ನದಿಯ ಆಚೆ ಈಚೆ ಹನ್ನೊಂದು ವರ್ಷ ಅದನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನನ್ನು ಯಾಕೆ ಕಳಿಸಿದ್ದರೆಂದು ಆಕೆಗೆ ಎಲ್ಲ ಹೇಳಿದೆ. ಖರೇ ಹೇಳಬೇಡಿರೆಂದು ಅವರು ಅಂದದ್ದನ್ನೂ ಹೇಳಿದೆ.

ಆಕೆ ಮಂಚದ ಮೇಲೆ ಕೂತು ಕೇಳಿದಳು.

"ಅವರು ಯಾವಾಗ ಹೇಳಿದ್ರು ನಿಮಗ ಇದನ್ನ?"

"ಶ್ರಾವಣದ ಮೊದಲನೇ ಸೋಮವಾರ."

"ಅವಾಗ ಮಾತಾಡತಿದ್ರೇನ್ರಿ?"

"ಮಾತಾಡತಿದ್ರವ್ವ."

"ಹುಡುಗಿನ್ನ ಕರಕೊಂಡು ನಾ ಬಂದಿದ್ರ, ಗುರ್ತು ಹಿಡೀತಿದ್ರೇನ್ರಿ?"

"ಹಿಡೀತಿದ್ರು" ಎಂದೆ.